ಒಂದೇ ಫೈಲು, ಮೂರು ಲೆಕ್ಕ: ಯಾವ ರೆಸಿಡ್ಯೂ ಯಾವುದಕ್ಕೆ ತಾಗುತ್ತದೆ ಅಂತ ಹೇಗೆ ಹೇಳೋದು?

ವರದಾಮೂಲ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಎಂಎಸ್ಸಿ ಬಯೋಟೆಕ್, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟಿಗೆ ಮಂಗನ ಕಾಯಿಲೆ ವೈರಸ್ಸಿನ ಹೊರಮೈ ಪ್ರೋಟೀನ್ ತಗೊಂಡಿದ್ದೇನೆ, ಇ ಪ್ರೋಟೀನ್ ಅಂತಾರಲ್ಲ ಅದು. ನಮ್ಮ ಕಡೆಯವರಿಗೆ ಈ ಕಾಯಿಲೆ ಯಾಕೆ ಮುಖ್ಯ ಅಂತ ವಿವರಿಸಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು, 2019ರಲ್ಲಿ ಇದೇ ಕಾಯಿಲೆ ಹರಡಿದಾಗ ಅರಳಗೋಡು ಸುತ್ತಮುತ್ತ ಏನಾಯಿತು ಅಂತ ನಮಗೆಲ್ಲ ನೆನಪಿದೆ. ಈಗಲೂ ದರಕು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗುವವರು ಉಣ್ಣೆ ಹುಳ ಕಚ್ಚದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗುತ್ತಾರೆ. ಅದಕ್ಕೇ ಗೈಡ್ ಬೇರೆ ವಿಷಯ ಕೊಟ್ಟರೂ ನಾನು ಹಟ ಹಿಡಿದು ಇದನ್ನೇ ಆರಿಸಿಕೊಂಡೆ.

ಮಾಡುತ್ತಿರುವ ಕೆಲಸ ಇಷ್ಟು. ಯುರೋಪಿನ ಟಿಕ್-ಬೋರ್ನ್ ಎನ್ಸೆಫಲೈಟಿಸ್ ವೈರಸ್ ಮಂಗನ ಕಾಯಿಲೆ ವೈರಸ್ಸಿನ ಹತ್ತಿರದ ಸಂಬಂಧಿ, ಎರಡೂ ಉಣ್ಣೆಯಿಂದ ಹರಡುವ ಫ್ಲಾವಿವೈರಸ್‌ಗಳೇ. ಅದರ ಇ ಪ್ರೋಟೀನಿನ ರಚನೆ 1995ರಲ್ಲೇ ಬಂದಿದೆ, ಪ್ರೋಟೀನ್ ರಚನೆಗಳ ಭಂಡಾರವಾದ ಪಿಡಿಬಿಯಲ್ಲಿ ಅದರ ಫೈಲಿನ ಹೆಸರು 1ಎಸ್‌ವಿಬಿ. ಎರಡು ವೈರಸ್ಸಿನ ಸೀಕ್ವೆನ್ಸ್ (ಅಮೈನೋ ಆಮ್ಲಗಳ ಸಾಲು) ಜೋಡಿಸಿ ನೋಡಿ, ಮಂಗನ ಕಾಯಿಲೆಯಲ್ಲಿ ಎಲ್ಲೆಲ್ಲಿ ಅಮೈನೋ ಆಮ್ಲ (ಸರಪಳಿಯಲ್ಲಿ ಸೇರಿದ ಮೇಲೆ ಅದನ್ನೇ ರೆಸಿಡ್ಯೂ ಅಂತೇವೆ) ಬದಲಾಗಿದೆ ಅಂತ ಗುರುತು ಹಾಕಿಕೊಂಡಿದ್ದೇನೆ. ಈ ಪ್ರೋಟೀನ್ ಜೋಡಿಯಾಗಿ ಇರುತ್ತದೆ. ಬದಲಾದ ಜಾಗಗಳಲ್ಲಿ ಯಾವುವು ಜೋಡಿಯ ಇನ್ನೊಂದು ಪ್ರತಿಗೆ ತಾಗುತ್ತವೆ, ಯಾವುವು ಒಳಗೇ ಒಂದಕ್ಕೊಂದು ತಾಗುತ್ತವೆ ಅಂತ ಪಟ್ಟಿ ಮಾಡಬೇಕು.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ರಚನೆ ತೋರಿಸುವ ತಂತ್ರಾಂಶ ಕೈಮೆರಾಎಕ್ಸ್‌ನಲ್ಲಿ ಕಾಂಟ್ಯಾಕ್ಟ್ (ತಾಗುವಿಕೆ) ಅಂತ ಕೇಳಿದರೆ ಒಂದು ದೊಡ್ಡ ಸಂಖ್ಯೆ ಬರುತ್ತದೆ. ಬಯೋಪೈಥಾನ್‌ನಲ್ಲಿ 4.5 ಆಂಗ್‌ಸ್ಟ್ರಾಮ್ ಕಟ್‌ಆಫ್ (ಅಷ್ಟರೊಳಗಿದ್ದರೆ ತಾಗುತ್ತದೆ ಅನ್ನುವ ಗಡಿ; ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಕೊಟ್ಟು ಬರೆದ ಸ್ಕ್ರಿಪ್ಟಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ. ಕ್ಲಾಸ್‌ಮೇಟ್ ಒಬ್ಬ ಸಿ-ಬೀಟಾದಿಂದ (ಸೈಡ್ ಚೈನಿನ, ಅಂದರೆ ಅಮೈನೋ ಆಮ್ಲದಿಂದ ಪಕ್ಕಕ್ಕೆ ಚಾಚಿದ ಕೊಂಬೆಯ, ಮೊದಲ ಕಾರ್ಬನ್) ಸಿ-ಬೀಟಾಕ್ಕೆ 8 ಆಂಗ್‌ಸ್ಟ್ರಾಮ್ ಇಟ್ಟುಕೋ ಅಂದ, ಎಲ್ಲರೂ ಅದನ್ನೇ ಮಾಡೋದು ಅಂದ, ಹಾಗೆ ಮಾಡಿದರೆ ಮೂರನೇ ಪಟ್ಟಿ ಬಂತು, ಮೊದಲೆರಡರಲ್ಲಿ ಇದ್ದ ಕೆಲವು ಜೋಡಿ ಇದರಲ್ಲಿ ಇಲ್ಲವೇ ಇಲ್ಲ. ಇನ್ನೂ ವಿಚಿತ್ರ ಅಂದರೆ ಪಕ್ಕದ ಪ್ರತಿಗೆ ತಾಗುವ ರೆಸಿಡ್ಯೂ ಒಂದೂ ಸಿಗುತ್ತಿಲ್ಲ, ಮೂರರಲ್ಲೂ ಸೊನ್ನೆ. ಇದರಲ್ಲಿ ಯಾವುದು ಸರಿ? ರಿಪೋರ್ಟಿನಲ್ಲಿ ಯಾವುದನ್ನು ಹಾಕಲಿ?

ಶಂಕರಘಟ್ಟ_ಕ್ಯಾಂಪಸ್:

ಒಳ್ಳೆಯ ವಿಷಯ ಆರಿಸಿಕೊಂಡಿದ್ದೀರಿ ಮೇಡಂ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮೂರೂ ಸರಿ, ಯಾಕೆಂದರೆ ಮೂರರಲ್ಲೂ ನೀವು ಬೇರೆ ಬೇರೆ ಪ್ರಶ್ನೆ ಕೇಳಿದ್ದೀರಿ. ಪಿಡಿಬಿ ಫೈಲಿನಲ್ಲಿ ಕಾಂಟ್ಯಾಕ್ಟ್ ಅಂತ ಎಲ್ಲೂ ಬರೆದಿರುವುದಿಲ್ಲ. ಅಲ್ಲಿರುವುದು ಪರಮಾಣುಗಳ ಎಕ್ಸ್, ವೈ, ಝಡ್ ಅಷ್ಟೇ. ತಾಗುತ್ತದೆ ಅಂತ ಯಾವುದಕ್ಕೆ ಹೇಳಬೇಕು ಅನ್ನೋದನ್ನು ನಾವೇ ತೀರ್ಮಾನಿಸಬೇಕು. ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟ ದಾಟಿ, ಹಳ್ಳ ದಾಟಿ ಸಿಗುವ ಮನೆಯನ್ನೂ ಪಕ್ಕದ ಮನೆ ಅಂತೇವೆ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗೋಡೆಗೆ ಗೋಡೆ ತಾಗಿದರೆ ಮಾತ್ರ ಪಕ್ಕದ ಮನೆ. ಇಲ್ಲೂ ಹಾಗೇ.

ಮೊದಲು ಸಂಖ್ಯೆ ಯಾಕೆ ಅಷ್ಟು ಬೇರೆ ಬಂತು ಅಂತ ನೋಡಿ. ಕೈಮೆರಾಎಕ್ಸ್ ಎಣಿಸುವುದು ಪರಮಾಣುಗಳ ಜೋಡಿ. ನಿಮ್ಮ ಬಯೋಪೈಥಾನ್ ಸ್ಕ್ರಿಪ್ಟು ಬಹುಶಃ ರೆಸಿಡ್ಯೂಗಳ ಜೋಡಿ ಎಣಿಸುತ್ತಿದೆ. ಒಂದು ಟ್ರಿಪ್ಟೋಫಾನ್ ಒಂದು ಪ್ರೋಲಿನ್ ಮೇಲೆ ಒರಗಿಕೊಂಡಿದ್ದರೆ ಅಲ್ಲಿ ಹತ್ತಾರು ಪರಮಾಣು ಜೋಡಿ ಸಿಗುತ್ತದೆ, ಆದರೆ ರೆಸಿಡ್ಯೂ ಜೋಡಿ ಒಂದೇ. ಅದೊಂದನ್ನು ಸರಿ ಮಾಡಿಕೊಂಡರೆ ಅರ್ಧ ಗಲಾಟೆ ಮುಗಿಯುತ್ತದೆ.

ಇನ್ನರ್ಧ ಕಟ್‌ಆಫ್‌ನಲ್ಲಿದೆ. ಕೈಮೆರಾಎಕ್ಸ್ ಬರೀ ದೂರ ನೋಡುವುದಿಲ್ಲ. ಎರಡೂ ಪರಮಾಣುವಿನ ವ್ಯಾನ್ ಡರ್ ವಾಲ್ಸ್ ತ್ರಿಜ್ಯ (ಪರಮಾಣುವಿನ ಮೈಯಳತೆ) ಕೂಡಿಸಿ, ಅದರಿಂದ ನಡುವಿನ ದೂರ ಕಳೆದು, ಮೈನಸ್ 0.4ಕ್ಕಿಂತ ಹೆಚ್ಚು ಬಂದರೆ ಕಾಂಟ್ಯಾಕ್ಟ್ ಅನ್ನುತ್ತದೆ, ನೀವು ಏನೂ ಬದಲಾಯಿಸದಿದ್ದರೆ. ಅಂದರೆ ಎರಡು ಕಾರ್ಬನ್ ಸುಮಾರು 4 ಆಂಗ್‌ಸ್ಟ್ರಾಮ್ ಆಸುಪಾಸಿನಲ್ಲಿದ್ದರೆ ಲೆಕ್ಕಕ್ಕೆ ಬರುತ್ತದೆ, ಆಕ್ಸಿಜನ್ ಆದರೆ ಇನ್ನೂ ಹತ್ತಿರ ಬರಬೇಕು. ನಿಮ್ಮ 4.5 ಎಲ್ಲ ಪರಮಾಣುವಿಗೂ ಒಂದೇ ಅಳತೆ. 8 ಆಂಗ್‌ಸ್ಟ್ರಾಮ್ ಲೆಕ್ಕ ಪೂರ್ತಿ ಬೇರೆ ಜಾತಿಯದು. ಅದು ಬಂದಿರುವುದು ರಚನೆ ಊಹಿಸುವ ಸ್ಪರ್ಧೆಗಳಿಂದ, ಕ್ಯಾಸ್ಪ್‌ನಲ್ಲಿ ಅದನ್ನೇ ಬಳಸಿದರು. ಗ್ಲೈಸಿನ್‌ಗೆ ಸಿ-ಬೀಟಾ ಇಲ್ಲದ್ದರಿಂದ ಅಲ್ಲಿ ಬೆನ್ನೆಲುಬಿನ ಸಿ-ಆಲ್ಫಾ ತಗೋಬೇಕು. ನಿಮ್ಮ ಸ್ಕ್ರಿಪ್ಟು ಗ್ಲೈಸಿನ್ ಬಂದಾಗ ಸುಮ್ನೆ ಬಿಟ್ಟು ಮುಂದೆ ಹೋಗುತ್ತಿದೆಯಾ ನೋಡಿ. ಕೆಲವು ಜೋಡಿ ಕಾಣೆಯಾಗಲು ಇದೇ ಕಾರಣ ಇರಬಹುದು. ಇನ್ನೊಂದು ಕಾರಣ ಉದ್ದ ಸೈಡ್ ಚೈನು. ಆರ್ಜಿನಿನ್ ಕೈ ಚಾಚಿ ದೂರದ ಆಸ್ಪಾರ್ಟೇಟ್ ಹಿಡಿದುಕೊಂಡಿದ್ದರೆ ಸಿ-ಬೀಟಾಗಳು 8ಕ್ಕಿಂತ ಜಾಸ್ತಿ ದೂರ ಇರಬಹುದು, ತುದಿಗಳು 3 ಆಂಗ್‌ಸ್ಟ್ರಾಮಿನಲ್ಲಿ ಇರುತ್ತವೆ.

ನೀವು ಕೇಳುತ್ತಿರುವುದು ಬದಲಾದ ಸೈಡ್ ಚೈನ್ ಯಾವುದನ್ನು ಮುಟ್ಟುತ್ತದೆ ಅಂತ. ಅದಕ್ಕೆ 8 ಬೇಡ. ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳಲ್ಲಿ ಅತಿ ಹತ್ತಿರದ ಜೋಡಿ 4.5 ಒಳಗೆ, ಇಷ್ಟು ಸಾಕು. ಮತ್ತೆ ಸಾಲಿನಲ್ಲಿ ಪಕ್ಕಪಕ್ಕ ಇರುವವನ್ನು ತೆಗೆಯಿರಿ. 57 ಮತ್ತು 58 ತಾಗಿಕೊಂಡಿವೆ ಅಂತ ಹೇಳಿ ಏನು ಪ್ರಯೋಜನ, ಬಂಧ ಇದೆ, ತಾಗಲೇಬೇಕು. ಕನಿಷ್ಠ ನಾಲ್ಕು ಸ್ಥಾನ ಅಂತರ ಇರಲಿ ಅಂತ ಹಾಕಿದರೂ ಹೀಲಿಕ್ಸಿನೊಳಗೆ (ಸುರುಳಿಯಾಗಿ ಸುತ್ತಿದ ಭಾಗ) ಒಂದರಿಂದ ಐದನೆಯದಕ್ಕೆ ಹೋಗುವ ಜೋಡಿಗಳು ಉಳಿಯುತ್ತವೆ ಅನ್ನೋದು ಗೊತ್ತಿರಲಿ.

ತುಂಗಾ_ದಡ:

ಮೇಲಿನವರು ಹೇಳಿದ್ದು ಎಲ್ಲ ಸರಿ, ಆದರೆ ಆ ಸೊನ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 1ಎಸ್‌ವಿಬಿ ಫೈಲ್ ತೆರೆದು ಚೈನ್ (ಪ್ರೋಟೀನ್ ಸರಪಳಿ) ಎಷ್ಟಿದೆ ಎಣಿಸಿ. ಎ ಒಂದೇ ಇರುವುದು. ಜೋಡಿಯ ಇನ್ನೊಂದು ಪ್ರತಿ ಫೈಲಿನಲ್ಲೇ ಇಲ್ಲದಿದ್ದರೆ ಅದಕ್ಕೆ ತಾಗುವ ರೆಸಿಡ್ಯೂ ಎಲ್ಲಿಂದ ಸಿಗಬೇಕು ಮಾರಾಯ್ರೆ!

ಈ ರಚನೆ ತೆಗೆದಿರುವುದು ಪ್ರೋಟೀನನ್ನು ಹರಳು ಕಟ್ಟಿಸಿ. ಹರಳಿನಲ್ಲಿ ಎರಡು ಪ್ರತಿಗಳು ಸಮ್ಮಿತಿಯಿಂದ ಒಂದಕ್ಕೊಂದು ಸಮ ಇದ್ದರೆ ಪಿಡಿಬಿ ಫೈಲಿನಲ್ಲಿ ಒಂದನ್ನೇ ಇಡುತ್ತಾರೆ, ಇನ್ನೊಂದನ್ನು ಹೇಗೆ ತಿರುಗಿಸಿ ಇಡಬೇಕು ಅನ್ನೋ ಲೆಕ್ಕ ಮಾತ್ರ ಫೈಲಿನ ತಲೆಯಲ್ಲಿ ಬರೆದಿರುತ್ತದೆ. ಹಿಮೋಗ್ಲೋಬಿನ್‌ನಲ್ಲೂ ಇದೇ ಕಥೆ. ಆಕ್ಸಿಜನ್ ಹಿಡಿಯದ ರೂಪದ ಫೈಲು 2ಎಚ್‌ಎಚ್‌ಬಿ ತೆಗೆದರೆ ನಾಲ್ಕೂ ಚೈನ್ ಇರುತ್ತದೆ, ಆಕ್ಸಿಜನ್ ಹಿಡಿದ ರೂಪದ 1ಎಚ್‌ಎಚ್‌ಒ ತೆಗೆದರೆ ಅರ್ಧವೇ ಇರುತ್ತದೆ. ಎರಡನ್ನೂ ಹಾಗೇ ಹೋಲಿಸಿದರೆ ಆಕ್ಸಿಜನ್ ಹಿಡಿದ ಕೂಡಲೇ ಅರ್ಧ ಕಾಂಟ್ಯಾಕ್ಟ್ ಮಾಯ ಆದ ಹಾಗೆ ಕಾಣುತ್ತದೆ.

ಕೈಮೆರಾಎಕ್ಸ್‌ನಲ್ಲಿ ಸಿಮ್ ಅನ್ನೋ ಆದೇಶ ಇದೆ, ಅಸೆಂಬ್ಲಿ 1 ಅಂತ ಕೊಟ್ಟರೆ ಜೋಡಿ ಕಟ್ಟಿಕೊಡುತ್ತದೆ. ಸ್ಕ್ರಿಪ್ಟಿಗೆ ಬೇಕಾದರೆ ಪಿಡಿಬಿ ತಾಣದಿಂದ ಬಯಾಲಾಜಿಕಲ್ ಅಸೆಂಬ್ಲಿ (ಪ್ರತಿಗಳನ್ನು ಕೂಡಿಸಿ ಇಟ್ಟ) ಫೈಲ್ ಇಳಿಸಿಕೊಳ್ಳಿ. ಅಲ್ಲೊಂದು ಹೊಂಡ ಇದೆ, ನೋಡಿಕೊಂಡು ಹೋಗಿ. ಹಳೇ ಪಿಡಿಬಿ ರೂಪದಲ್ಲಿ ಇಳಿಸಿದರೆ ಎರಡನೇ ಪ್ರತಿಗೂ ಚೈನ್ ಹೆಸರು ಎ ಅಂತಲೇ ಇರುತ್ತದೆ, ಅದನ್ನು ಮಾಡೆಲ್ 2 ಅಂತ ಬೇರೆ ಮಾಡಿ ಇಟ್ಟಿರುತ್ತಾರೆ. ಬಯೋಪೈಥಾನ್‌ನಲ್ಲಿ ಎಲ್ಲರೂ ಅಭ್ಯಾಸಬಲದಿಂದ ಸೊನ್ನೆಯ ಮಾಡೆಲ್ ಅಂತ ಬರೆಯುತ್ತಾರೆ, ಆಗ ಮತ್ತೆ ಒಂದೇ ಪ್ರತಿ ಸಿಗುತ್ತದೆ, ಮತ್ತೆ ಸೊನ್ನೆ. ಹೊಸ ಎಂಎಂಸಿಐಎಫ್ ರೂಪದಲ್ಲಿ ಇಳಿಸಿ. ಅದರಲ್ಲಿ ಎ ಮತ್ತು ಎ-2 ಅಂತ ಬೇರೆ ಬೇರೆ ಹೆಸರು ಇರುತ್ತದೆ.

ಸ್ಕ್ರಿಪ್ಟು ನಿಧಾನ ಅಂತ ಅನಿಸಿದರೆ ಒಂದರೊಳಗೊಂದು ಲೂಪ್ ಬಿಡಿ. ಒಂದು ಪ್ರತಿಯಲ್ಲಿ 395 ರೆಸಿಡ್ಯೂ, ಹೈಡ್ರೋಜನ್ ಬಿಟ್ಟು ಹೆಚ್ಚುಕಡಿಮೆ 3000 ಪರಮಾಣು. ಎರಡು ಪ್ರತಿ ಸೇರಿದರೆ ಪ್ರತಿಯೊಂದಕ್ಕೂ ಪ್ರತಿಯೊಂದರ ದೂರ ಅಳೆಯುವುದು ಸುಮ್ನೆ ದಂಡ. ಬಯೋಪೈಥಾನ್‌ನಲ್ಲೇ ಇರುವ ನೇಬರ್‌ಸರ್ಚ್ ಬಳಸಿ, ಎಂಟು ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪಿನಲ್ಲೂ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಅದಕ್ಕೆ ಕೊಡುವ ಪರಮಾಣುಗಳಿಂದ ನೀರನ್ನು ಮೊದಲೇ ತೆಗೆದುಬಿಡಿ, ಇಲ್ಲದಿದ್ದರೆ ನೀರಿನ ಅಣು ಕೂಡ ಒಂದು ರೆಸಿಡ್ಯೂ ಅಂತ ಪಟ್ಟಿಯಲ್ಲಿ ಬಂದು ಕೂರುತ್ತದೆ.

ವರದಾಮೂಲ_ಹುಡುಗಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತುಂಗಾ_ದಡ ಅಣ್ಣ, ಅಸೆಂಬ್ಲಿ ಫೈಲ್ ಇಳಿಸಿದೆ, ಎ-2 ಬಂತು! 101ನೇ ಟ್ರಿಪ್ಟೋಫಾನ್ ಸುತ್ತಮುತ್ತ ಇರುವ ಲೂಪು ಪಕ್ಕದ ಪ್ರತಿಯ 1ನೇ ಡೊಮೇನ್ ಮತ್ತು 3ನೇ ಡೊಮೇನ್ (ಈ ಪ್ರೋಟೀನಿನ ಮೂರು ಭಾಗಗಳಿಗೆ ಡೊಮೇನ್ ಅಂತಾರೆ) ನಡುವಿನ ಸಂದಿಯಲ್ಲಿ ಮುಖ ಹುದುಗಿಸಿಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತಿದೆ. ಜೀವಕೋಶದ ಪೊರೆಗೆ ಚುಚ್ಚಿಕೊಳ್ಳುವ ಫ್ಯೂಷನ್ ಲೂಪ್ ಇದೇ ಅಲ್ವಾ? ಇಷ್ಟು ದಿನ ಪೇಪರಿನಲ್ಲಿ ಓದಿದ್ದು ಈಗ ಕಣ್ಣೆದುರಿಗೇ ಇದೆ, ಬಹಳ ಖುಷಿಯಾಯಿತು.

ಇನ್ನೆರಡು ಪ್ರಶ್ನೆ. ಒಂದು, ಮಂಗನ ಕಾಯಿಲೆ ವೈರಸ್ಸಿನ ಸೀಕ್ವೆನ್ಸನ್ನೇ ರಚನೆ ಊಹಿಸುವ ಕೊಲ್ಯಾಬ್‌ಫೋಲ್ಡ್‌ಗೆ ಕೊಟ್ಟು ಮಾಡೆಲ್ ಮಾಡಿಸಿದ್ದೇನೆ, ಅದರ ಕಾಂಟ್ಯಾಕ್ಟುಗಳನ್ನು ಎಷ್ಟು ನಂಬಬಹುದು? ಎರಡು, ಸ್ಕ್ರಿಪ್ಟು ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ನನಗೆ ಧೈರ್ಯ ಬರುವುದು ಹೇಗೆ? ವೈವಾದಲ್ಲಿ ಖಂಡಿತ ಕೇಳುತ್ತಾರೆ.

ಹಳೇ_ಮೇಷ್ಟ್ರು_ತೀರ್ಥಹಳ್ಳಿ:

ನೋಡಮ್ಮ, ಎರಡನೇ ಪ್ರಶ್ನೆ ಮೊದಲು ತಗೊಳ್ಳೋಣ, ಅದೇ ದೊಡ್ಡದು. ಉತ್ತರ ಗೊತ್ತಿರುವ ಕಡೆ ಸ್ಕ್ರಿಪ್ಟನ್ನು ಮೊದಲು ಓಡಿಸಬೇಕು. ನಿನ್ನ ಪ್ರೋಟೀನಿನಲ್ಲೇ ಪರೀಕ್ಷೆ ಇದೆ. ಇ ಪ್ರೋಟೀನಿನಲ್ಲಿ 12 ಸಿಸ್ಟೀನ್, ಆರು ಡೈಸಲ್ಫೈಡ್ ಬಂಧ (ಎರಡು ಸಿಸ್ಟೀನಿನ ಗಂಧಕ ಕೂಡಿದ್ದು). 3ಕ್ಕೂ 30ಕ್ಕೂ ಒಂದು, 74ಕ್ಕೂ 105ಕ್ಕೂ ಒಂದು, 307ಕ್ಕೂ 338ಕ್ಕೂ ಒಂದು, ಹೀಗೆ. ಗಂಧಕದಿಂದ ಗಂಧಕಕ್ಕೆ ಸುಮಾರು 2 ಆಂಗ್‌ಸ್ಟ್ರಾಮ್ ಇರಬೇಕು. ಆರೂ ಪಟ್ಟಿಯಲ್ಲಿ ಬರಲೇಬೇಕು, ಒಂದು ತಪ್ಪಿದರೂ ಸ್ಕ್ರಿಪ್ಟಿನಲ್ಲೋ ಸಂಖ್ಯೆ ಹಾಕುವುದರಲ್ಲೋ ಎಲ್ಲೋ ತೊಂದರೆ ಇದೆ ಅಂತ ಅರ್ಥ. ಇದಾದ ಮೇಲೆ 2ಎಚ್‌ಎಚ್‌ಬಿ ತೆಗೆದುಕೊಂಡು ಬೀಟಾ ಚೈನಿನ 146ನೇ ಹಿಸ್ಟಿಡಿನ್ ಅದೇ ಚೈನಿನ 94ನೇ ಆಸ್ಪಾರ್ಟೇಟಿಗೆ ತಾಗುತ್ತದೆಯಾ ನೋಡು. ಆಲ್ಫಾದ 42ನೇ ಟೈರೋಸಿನ್ ಬೀಟಾದ 99ನೇ ಆಸ್ಪಾರ್ಟೇಟಿಗೆ ತಾಗುತ್ತದೆಯಾ ನೋಡು. ಹಿಮೋಗ್ಲೋಬಿನ್ ರಚನೆ ಬಿಡಿಸಿದ ಪೆರುಟ್ಜ್ ಅವರ ಕಾಲದಿಂದ ತಿಳಿದ ಜೋಡಿಗಳು ಇವು. ಒಂದು ಚೈನಿನ ಒಳಗಿನದು, ಇನ್ನೊಂದು ಎರಡು ಚೈನಿನ ನಡುವಿನದು. ಎರಡೂ ಸಿಕ್ಕರೆ ವೈವಾದಲ್ಲಿ ತಲೆ ಎತ್ತಿ ಹೇಳು.

ಆಮೇಲೆ ಕಟ್‌ಆಫ್ ಅಲುಗಾಡಿಸಿ ನೋಡು. 4, 4.5, 5. ಮೂರರಲ್ಲೂ ಉಳಿಯುವ ಜೋಡಿಯ ಬಗ್ಗೆ ಧೈರ್ಯವಾಗಿ ಮಾತಾಡು. 5ಕ್ಕೆ ಮಾತ್ರ ಬಂದು ಸೇರುವ ಜೋಡಿಯ ಮೇಲೆ ಕಥೆ ಕಟ್ಟಬೇಡ. ನಾನು ಇಷ್ಟು ಒತ್ತಿ ಹೇಳುವುದು ಯಾಕೆಂದರೆ ಈಚಿನ ಮಕ್ಕಳು ಬಣ್ಣಬಣ್ಣದ ಕಾಂಟ್ಯಾಕ್ಟ್ ಮ್ಯಾಪ್ ಹಾಕುತ್ತಾರೆ, ಒಂದು ಚುಕ್ಕೆ ತೋರಿಸಿ ಇದರ ಅಂತರ ಎಷ್ಟು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಪರಮಾಣು ಎಷ್ಟು ಹತ್ತಿರ ಬರಬಹುದು ಅನ್ನೋ ಒಂದೇ ಪ್ರಶ್ನೆ ಹಿಡಿದು ಜಿ.ಎನ್. ರಾಮಚಂದ್ರನ್ ಮತ್ತು ಜೊತೆಯವರು 1963ರಲ್ಲಿ ಮದ್ರಾಸಿನಲ್ಲಿ ಕೂತು ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಹುದು ಅಂತ ತೋರಿಸುವ ಇಡೀ ರಾಮಚಂದ್ರನ್ ಪ್ಲಾಟ್ ಕಟ್ಟಿದರು. ಬಂಧವಿಲ್ಲದ ಎರಡು ಕಾರ್ಬನ್ ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಮಿಗಿಂತ ಹತ್ತಿರ ಬರಬಾರದು, ತೀರಾ ಅಂದರೆ 3.0, ಹೀಗೆ ಒಂದೊಂದು ಜೋಡಿಗೂ ಗಡಿ ಹಾಕಿಕೊಂಡು ಲೆಕ್ಕ ಮಾಡಿದ್ದು. ಮುಂದೆ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಅಂತರದ ಬಗ್ಗೆ ಇಷ್ಟು ಶಿಸ್ತಿನ ಪರಂಪರೆ ನಮ್ಮಲ್ಲೇ ಇದೆ. ನಿನ್ನ ಪಟ್ಟಿಯಲ್ಲಿ 2.5 ಆಂಗ್‌ಸ್ಟ್ರಾಮಿನ ಕಾರ್ಬನ್ ಜೋಡಿ ಕಂಡರೆ ಗಟ್ಟಿ ಕಾಂಟ್ಯಾಕ್ಟ್ ಅಂತ ಖುಷಿಪಡಬೇಡ. ಅದು ಮಾಡೆಲ್ಲಿನ ದೋಷ, ಅಥವಾ ಒಂದೇ ರೆಸಿಡ್ಯೂ ಎರಡು ಭಂಗಿಯಲ್ಲಿ ಬರೆದಿರುವುದನ್ನು ನಿನ್ನ ಸ್ಕ್ರಿಪ್ಟು ಕಲಸಿಬಿಟ್ಟಿದೆ.

ಇನ್ನೊಂದು ಮಾತು, ಕಾಂಟ್ಯಾಕ್ಟ್ ಅಂತ ಒಂದೇ ಚೀಲಕ್ಕೆ ತುಂಬಬೇಡ. ಗ್ಲುಟಮೇಟ್, ಆಸ್ಪಾರ್ಟೇಟಿನ ಆಕ್ಸಿಜನ್ನು ಲೈಸಿನ್, ಆರ್ಜಿನಿನ್ನಿನ ನೈಟ್ರೋಜನ್‌ಗೆ 4 ಆಂಗ್‌ಸ್ಟ್ರಾಮ್ ಒಳಗಿದ್ದರೆ ಸಾಲ್ಟ್ ಬ್ರಿಡ್ಜ್ (ವಿರುದ್ಧ ವಿದ್ಯುದಾವೇಶಗಳ ಹಿಡಿತ) ಅಂತ ಬೇರೆ ಕಂಬಸಾಲು ಮಾಡು. ಹೈಡ್ರೋಜನ್ ಬಂಧಕ್ಕೆ ಕೊಡುವವ ಮತ್ತು ತಗೊಳ್ಳುವವನ ನಡುವೆ 3.5 ಒಳಗೆ, ಕೋನವೂ ನೋಡಬೇಕು. ಉಳಿದದ್ದು ಎಣ್ಣೆಜಿಡ್ಡಿನ ಸೈಡ್ ಚೈನುಗಳ ಒತ್ತು. ಮಂಗನ ಕಾಯಿಲೆಯಲ್ಲಿ ಒಂದು ಲೈಸಿನ್ ಬದಲು ಆರ್ಜಿನಿನ್ ಬಂದಿದ್ದರೆ ಕಾಂಟ್ಯಾಕ್ಟ್ ಸಂಖ್ಯೆ ಬದಲಾಗದೇ ಇರಬಹುದು, ಲೈಸಿನ್ ಬದಲು ಗ್ಲುಟಮೇಟ್ ಬಂದಿದ್ದರೆ ಅದೇ ಸಂಖ್ಯೆಯಲ್ಲೂ ಆಕರ್ಷಣೆ ಹೋಗಿ ವಿಕರ್ಷಣೆ ಆಗಿರುತ್ತದೆ. ಬರೀ ಸಂಖ್ಯೆ ನೋಡಿದವನಿಗೆ ಇದು ಗೊತ್ತಾಗುವುದಿಲ್ಲ.

ಆಗುಂಬೆ_ಮಳೆ:

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಒಂದು ವಿಷಯದಲ್ಲಿ ಶಂಕರಘಟ್ಟದವರ ಜೊತೆ ಜಗಳ ಇದೆ.

ಸೇರಿಸುವುದು: ಹಿಸ್ಟಿಡಿನ್ ಕಡೆ ವಿಶೇಷ ಗಮನ ಕೊಡಿ. ಈ ಪ್ರೋಟೀನ್ ಕೆಲಸ ಶುರು ಮಾಡುವುದೇ ಜೀವಕೋಶದೊಳಗಿನ ಎಂಡೋಸೋಮ್ ಅನ್ನೋ ಚೀಲದ ಆಮ್ಲ ತಾಗಿದಾಗ. ಆಗ ಜೋಡಿ ಬಿಚ್ಚಿಕೊಂಡು ಮೂರರ ಗುಂಪಾಗುತ್ತದೆ. ಎನ್ಸೆಫಲೈಟಿಸ್ ವೈರಸ್ಸಿನಲ್ಲಿ 1ನೇ ಮತ್ತು 3ನೇ ಡೊಮೇನ್ ಸೇರುವ ಕಡೆ ಇರುವ 323ನೇ ಹಿಸ್ಟಿಡಿನ್ ಈ ಆಮ್ಲವನ್ನು ಗ್ರಹಿಸುವುದರಲ್ಲಿ ಮುಖ್ಯ ಅಂತ 2008ರಲ್ಲಿ ತೋರಿಸಿದ್ದಾರೆ. ಆದರೆ 2 ಆಂಗ್‌ಸ್ಟ್ರಾಮಿನ ಹರಳಿನಲ್ಲಿ ಹೈಡ್ರೋಜನ್ ಕಾಣುವುದಿಲ್ಲ. ಆ ಹಿಸ್ಟಿಡಿನ್ ಮೇಲೆ ಪ್ರೋಟಾನ್ ಇದೆಯೋ ಇಲ್ಲವೋ ಅಂತ ಫೈಲ್ ಹೇಳುವುದಿಲ್ಲ. ಹಾಗಾಗಿ ಹಿಸ್ಟಿಡಿನ್ ಸುತ್ತ ಯಾರಿದ್ದಾರೆ ಅಂತ ಬರೆಯಿರಿ, ಆ ಕಾಂಟ್ಯಾಕ್ಟ್ ಎಷ್ಟು ಗಟ್ಟಿ ಅಂತ ಬರೆಯಬೇಡಿ. ಒಂದೇ ಕಾಂಟ್ಯಾಕ್ಟು, ಒಂದು ಪಿಎಚ್‌ನಲ್ಲಿ ಹಿಡಿದಿಡುತ್ತದೆ, ಇನ್ನೊಂದು ಪಿಎಚ್‌ನಲ್ಲಿ ದೂಡುತ್ತದೆ.

ಜಗಳ: 8 ಆಂಗ್‌ಸ್ಟ್ರಾಮ್ ಬೇಡ ಅಂದಿದ್ದು ನನಗೆ ಒಪ್ಪಿಗೆ ಇಲ್ಲ. ಈ ಪ್ರೋಟೀನ್ ವೈರಸ್ಸಿನ ಮೈಮೇಲೆ ಒಂದೇ ಜೋಡಿಯಾಗಿ ಕೂತಿರುವುದಿಲ್ಲ. 180 ಪ್ರತಿ, 90 ಜೋಡಿ, ಒತ್ತೊತ್ತಾಗಿ ಹಾಸಿಕೊಂಡಿರುತ್ತವೆ. ಒಂದು ಜೋಡಿ ಪಕ್ಕದ ಜೋಡಿಗೆ ಎಲ್ಲಿ ತಾಗುತ್ತದೆ ಅನ್ನೋದು 1ಎಸ್‌ವಿಬಿಯಲ್ಲಿ ಸಿಗುವುದೇ ಇಲ್ಲ. ಹರಳಿನಲ್ಲಿ ಪಕ್ಕದಲ್ಲಿ ಕಾಣುವುದು ಹರಳು ಕಟ್ಟುವಾಗ ಬಂದು ಸೇರಿದ್ದು, ವೈರಸ್ಸಿನ ಮೇಲಿನ ಪಕ್ಕ ಅಲ್ಲ. ಅದಕ್ಕೆ ಇಡೀ ವೈರಸ್ಸಿನ ಕ್ರಯೋ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ) ರಚನೆ ನೋಡಬೇಕು, ಎನ್ಸೆಫಲೈಟಿಸ್ ವೈರಸ್ಸಿನದು 2018ರಲ್ಲಿ ಬಂದಿದೆ, 3.9 ಆಂಗ್‌ಸ್ಟ್ರಾಮ್. ಆ ರೆಸಲ್ಯೂಷನ್ನಿನಲ್ಲಿ ಸೈಡ್ ಚೈನಿನ ತುದಿ ಎಲ್ಲಿದೆ ಅಂತ ಯಾರೂ ಆಣೆ ಮಾಡಿ ಹೇಳಲಾರರು. ಅಲ್ಲಿ 4.5 ಕಟ್‌ಆಫ್ ಇಟ್ಟರೆ ಇಲ್ಲದ ನಿಖರತೆ ಇದೆ ಅಂತ ನಟಿಸಿದ ಹಾಗೆ. ಬೆನ್ನೆಲುಬು ಮತ್ತು ಸಿ-ಬೀಟಾ ಮಾತ್ರ ನಂಬಬಹುದು, 8 ಆಂಗ್‌ಸ್ಟ್ರಾಮ್ ಲೆಕ್ಕ ಅಲ್ಲಿಗೆ ಸರಿಯಾಗಿ ಹೊಂದುತ್ತದೆ.

ಶಂಕರಘಟ್ಟ_ಕ್ಯಾಂಪಸ್:

ಆಗುಂಬೆಯವರ ಮಾತು ಒಪ್ಪಿದೆ, ಇಡೀ ವೈರಸ್ಸಿಗೆ ಅದೇ ಸರಿ. ನಾನು ಹೇಳಿದ್ದು 1ಎಸ್‌ವಿಬಿಗೆ ಮಾತ್ರ. ಒಂದು ಎಚ್ಚರಿಕೆ ಮಾತ್ರ ಇರಲಿ. ಸಿ-ಬೀಟಾ 8 ಒಳಗಿದ್ದರೂ ಎರಡು ಸೈಡ್ ಚೈನ್ ಬೆನ್ನು ತಿರುಗಿಸಿಕೊಂಡಿರಬಹುದು, ಬೀಟಾ ಹಾಳೆಯಲ್ಲಿ (ಎಳೆಗಳು ಅಕ್ಕಪಕ್ಕ ಹಾಸಿಕೊಂಡ ಭಾಗ) ಇದು ಜಾಸ್ತಿ. ಇ ಪ್ರೋಟೀನಿನಲ್ಲಿ ಬೀಟಾ ಎಳೆಗಳೇ ಬಹುಪಾಲು. ಎರಡು ಲೆಕ್ಕವನ್ನೂ ಒಂದೇ ಟೇಬಲ್ಲಿನಲ್ಲಿ ಬೆರೆಸಬೇಡಿ ಅಷ್ಟೇ.

ಕೊಲ್ಯಾಬ್‌ಫೋಲ್ಡ್ ಮಾಡೆಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಅದು ಪ್ರತಿ ರೆಸಿಡ್ಯೂಗೆ ಪಿಎಲ್‌ಡಿಡಿಟಿ ಅಂತ ನೂರಕ್ಕೆ ಎಷ್ಟು ನಂಬಬಹುದು ಅನ್ನುವ ಅಂಕ ಕೊಟ್ಟಿರುತ್ತದೆ, ಹರಳಿನ ಫೈಲಿನಲ್ಲಿ ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗಾಡುತ್ತದೆ ಅನ್ನುವ ಅಳತೆ) ಇರುವ ಕಂಬಸಾಲಿನಲ್ಲೇ ಕೂತಿರುತ್ತದೆ. 90ಕ್ಕಿಂತ ಮೇಲೆ ಇದ್ದರೆ ಸೈಡ್ ಚೈನ್ ಕೂಡ ಬಹುಮಟ್ಟಿಗೆ ನಂಬಬಹುದು, 70ಕ್ಕಿಂತ ಕೆಳಗೆ ಇದ್ದರೆ ಆ ಜಾಗದ ಕಾಂಟ್ಯಾಕ್ಟು ಪಟ್ಟಿಗೆ ಹಾಕಲೇಬೇಡಿ. ಆದರೆ ಆ ಅಂಕ ಹೇಳುವುದು ಆಯಾ ಜಾಗದ ಬಗ್ಗೆ ಮಾತ್ರ. 1ನೇ ಡೊಮೇನಿಗೂ 3ನೇ ಡೊಮೇನಿಗೂ ನಡುವಿನ ಕೋನ ಸರಿ ಇದೆಯಾ ಅಂತ ತಿಳಿಯಲು ಎರಡು ಜಾಗಗಳ ಪರಸ್ಪರ ಸ್ಥಾನ ಎಷ್ಟು ತಪ್ಪಿರಬಹುದು ಅಂತ ತೋರಿಸುವ ಪಿಎಇ ನಕ್ಷೆ ನೋಡಬೇಕು. ಐದು ಮಾಡೆಲ್ ಕೊಡುತ್ತದಲ್ಲ, ಐದರಲ್ಲೂ ಇರುವ ಕಾಂಟ್ಯಾಕ್ಟ್ ಮಾತ್ರ ಇಟ್ಟುಕೊಳ್ಳಿ. ಮತ್ತೆ ಸಕ್ಕರೆ. ಎನ್ಸೆಫಲೈಟಿಸ್ ವೈರಸ್ಸಿನಲ್ಲಿ 154ನೇ ಆಸ್ಪರಾಜಿನ್‌ಗೆ ಸಕ್ಕರೆ ಸರಪಳಿ ಅಂಟಿರುತ್ತದೆ. ನಿಮ್ಮ ಮಾಡೆಲ್ಲಿನಲ್ಲಿ ಅದು ಬರುವುದಿಲ್ಲ, ಆ ಜಾಗ ಬರೀ ಬಯಲು ಅಂತ ಕಾಣುತ್ತದೆ. ಅಮೈನೋ ಆಮ್ಲ ಮಾತ್ರ ಆರಿಸುವ ಸ್ಕ್ರಿಪ್ಟು ಹರಳಿನ ಫೈಲಿನಲ್ಲೂ ಸಕ್ಕರೆಯನ್ನು ಎಸೆದುಬಿಡುತ್ತದೆ. 154ರ ಅಕ್ಕಪಕ್ಕ ಬದಲಾವಣೆ ಇದ್ದರೆ ಇದನ್ನು ಬರೆಯಲೇಬೇಕು.

ತುಂಗಾ_ದಡ:

ಇಷ್ಟೆಲ್ಲ ಆದ ಮೇಲೆ ಒಂದು ಹೆಜ್ಜೆ ಮುಂದೆ ಹೋಗಿ ಮೇಡಂ. ಆಗುಂಬೆಯವರು ಹೇಳಿದ ಮೂರರ ಗುಂಪಿನ ರಚನೆಯೂ ಪಿಡಿಬಿಯಲ್ಲಿ ಇದೆ, 1ಯುಆರ್‌ಝಡ್, 2004ರದು, ಕಡಿಮೆ ಪಿಎಚ್‌ನಲ್ಲಿ ತೆಗೆದದ್ದು. ಅದೇ ವೈರಸ್ಸು, ಅದೇ ಪ್ರೋಟೀನು. ಎರಡರ ಕಾಂಟ್ಯಾಕ್ಟ್ ಪಟ್ಟಿ ಮಾಡಿ ಒಂದರಿಂದ ಒಂದನ್ನು ಕಳೆಯಿರಿ. ಡೊಮೇನುಗಳ ಒಳಗಿನ ಜೋಡಿಗಳು ಹೆಚ್ಚಾಗಿ ಹಾಗೇ ಉಳಿಯುತ್ತವೆ, ಯಾಕೆಂದರೆ ಡೊಮೇನ್ ಡೊಮೇನಾಗಿಯೇ ಜಾಗ ಬದಲಿಸುತ್ತದೆ, 3ನೇ ಡೊಮೇನ್ ಮಡಚಿಕೊಂಡು ಫ್ಯೂಷನ್ ಲೂಪಿನ ಕಡೆಗೆ ಸರಿಯುತ್ತದೆ. ಬದಲಾಗುವುದು ಡೊಮೇನುಗಳ ನಡುವಿನವು ಮತ್ತು ಪ್ರತಿಗಳ ನಡುವಿನವು. ಹೋದವು ಒಂದು ಬಣ್ಣ, ಹೊಸದಾಗಿ ಬಂದವು ಇನ್ನೊಂದು ಬಣ್ಣ, ಉಳಿದವು ಬೂದು. ಅದರ ಮೇಲೆ ಮಂಗನ ಕಾಯಿಲೆಯಲ್ಲಿ ಬದಲಾದ ಜಾಗಗಳನ್ನು ಇಟ್ಟು ನೋಡಿ. ಬರೀ ತಾಗುತ್ತದೆ ಅನ್ನುವುದಕ್ಕಿಂತ, ಪ್ರೋಟೀನ್ ಕೆಲಸ ಮಾಡುವಾಗ ಬಿಟ್ಟುಹೋಗುವ ಕಾಂಟ್ಯಾಕ್ಟಿನ ಮೇಲೆ ಬದಲಾವಣೆ ಕೂತಿದೆಯಾ ಅನ್ನೋದು ಎಷ್ಟೋ ಒಳ್ಳೆಯ ಪ್ರಶ್ನೆ.

ಒಂದೇ ಷರತ್ತು. ಎರಡೂ ಫೈಲಿನಲ್ಲಿ ಇರುವ ರೆಸಿಡ್ಯೂ ಮಾತ್ರ ಹೋಲಿಸಿ. ಒಂದರಲ್ಲಿ ಯಾವುದೋ ಲೂಪಿನ ತುಂಡು ಕಾಣದೇ ಬಿಟ್ಟುಹೋಗಿದ್ದರೆ ಅದರ ಕಾಂಟ್ಯಾಕ್ಟುಗಳೆಲ್ಲ ಕಳೆದುಹೋದ ಹಾಗೆ ಲೆಕ್ಕ ಬರುತ್ತದೆ.

ವರದಾಮೂಲ_ಹುಡುಗಿ:

ಮೇಷ್ಟ್ರೇ, ಆರು ಡೈಸಲ್ಫೈಡೂ ಬಂದವು. ಹಿಮೋಗ್ಲೋಬಿನ್ನಿನ ಎರಡು ಜೋಡಿಯೂ ಸಿಕ್ಕಿದವು. ಪಟ್ಟಿಯನ್ನು ಮೂರು ಕಟ್‌ಆಫ್‌ನಲ್ಲೂ ಮಾಡಿದೆ. ಫ್ಯೂಷನ್ ಲೂಪಿನ ಸುತ್ತಲಿನ ಜೋಡಿಗಳು ಗಟ್ಟಿಯಾಗಿ ಉಳಿದವು. ನಾನು ತುಂಬಾ ಆಸೆ ಇಟ್ಟುಕೊಂಡಿದ್ದ 2ನೇ ಡೊಮೇನಿನ ಒಂದು ಜಾಗ 5ಕ್ಕೆ ಮಾತ್ರ ಬರುತ್ತದೆ, ಅದನ್ನು ಮುಖ್ಯ ಟೇಬಲ್ಲಿನಿಂದ ತೆಗೆದಿದ್ದೇನೆ. ಬೇಜಾರಾಯಿತು, ಆದರೆ ಹಾಗೇ ಇರಲಿ.

1ಯುಆರ್‌ಝಡ್ ಕಳೆಯುವ ಲೆಕ್ಕ ಈ ವಾರ ಶುರು ಮಾಡುತ್ತೇನೆ. ಇಲ್ಲಿ ಮಳೆ ಬಿಡುತ್ತಿಲ್ಲ, ಕರೆಂಟು ಬಂದಾಗ ಫೈಲ್ ಎಲ್ಲ ಇಳಿಸಿಟ್ಟುಕೊಂಡಿದ್ದೇನೆ. ಒಂದು ಕೊನೆಯ ಪ್ರಶ್ನೆ: ಎರಡು ವೈರಸ್ಸಿನ ರೆಸಿಡ್ಯೂ ಸಂಖ್ಯೆ ಒಂದೇ ಥರ ಹಾಕಲಾ, ಅಥವಾ ಅವುಗಳದ್ದು ಅವುಗಳಿಗೇ ಇರಲಾ?

ಹಳೇ_ಮೇಷ್ಟ್ರು_ತೀರ್ಥಹಳ್ಳಿ:

ಟೇಬಲ್ಲಿನಲ್ಲಿ ಎರಡೂ ಹಾಕಮ್ಮ. ಮೊದಲ ಕಂಬಸಾಲಿನಲ್ಲಿ 1ಎಸ್‌ವಿಬಿಯ ಸಂಖ್ಯೆ, ಪಕ್ಕದಲ್ಲಿ ಮಂಗನ ಕಾಯಿಲೆ ವೈರಸ್ಸಿನ ಸಂಖ್ಯೆ, ಜೋಡಿಸಿದ ಸೀಕ್ವೆನ್ಸಿನಿಂದ ತೆಗೆದದ್ದು. ಜೋಡಣೆಯಲ್ಲಿ ಎಲ್ಲಾದರೂ ಒಂದು ಖಾಲಿ ಜಾಗ ಬಿದ್ದಿದ್ದರೆ ಅಲ್ಲಿಂದ ಮುಂದೆ ಎಲ್ಲ ಸಂಖ್ಯೆಯೂ ಸರಿದುಹೋಗುತ್ತದೆ, ಅದಕ್ಕೇ ಮತ್ತೆ ಸಿಸ್ಟೀನ್ ಇಟ್ಟುಕೊಂಡು ಪರೀಕ್ಷೆ ಮಾಡು. ಎರಡೂ ಕಂಬಸಾಲಿನಲ್ಲಿ 12 ಸಿಸ್ಟೀನ್ ಎದುರುಬದುರು ಬಂದರೆ ಸರಿ ಇದೆ. ಟೇಬಲ್ಲಿನ ಕೆಳಗೆ ಕಟ್‌ಆಫ್ ಎಷ್ಟು, ಯಾವ ಪರಮಾಣುಗಳು, ಸಾಲಿನಲ್ಲಿ ಎಷ್ಟು ಅಂತರ ಬಿಟ್ಟೆ, ಯಾವ ಅಸೆಂಬ್ಲಿ ಫೈಲು, ಇಷ್ಟನ್ನು ಒಂದು ಸಾಲಿನಲ್ಲಿ ಬರೆ. ಟೇಬಲ್ ಮುಗಿದ ಮೇಲೆ ಇಲ್ಲೇ ಹಾಕು, ನೋಡುತ್ತೇನೆ.